ಕಾಡುಹೂವಿನ ಹಿತ್ತಲು: ಮೊದಲ ಮಳೆ ಕಳೆಗೆ ಬಿಡಿ

ಮನೆ ಹಿತ್ತಲಲ್ಲೋ, ಪಕ್ಕದ ಖಾಲಿ ಸೈಟಿನಲ್ಲೋ ನಮ್ಮ ನೆಲದ ಕಾಡುಹೂ ಬೆಳೆಸುವ ಆಸೆ ಈಗ ಹಲವರಿಗೆ ಬಂದಿದೆ. ಒಳ್ಳೆಯದೇ. ಆದರೆ ಮಾಡುವ ರೀತಿ ನೋಡಿ: ಜೆಸಿಬಿ ಕರೆಸಿ ನೆಲ ತಿರುವಿಸುತ್ತಾರೆ. ಎಲ್ಲಿಂದಲೋ ಒಂದು ಲೋಡ್ ಕೆಮ್ಮಣ್ಣು ಸುರಿಸುತ್ತಾರೆ. ಅದರ ಮೇಲೆ ಕೊಟ್ಟಿಗೆ ಗೊಬ್ಬರ. ಮೊದಲ ಮಳೆ ಬಿದ್ದ ದಿನವೇ ಬೀಜ. ಎರಡು ತಿಂಗಳಿಗೆ ಸೊಂಟದೆತ್ತರ ಕಾಂಗ್ರೆಸ್ ಗಿಡ ಎದ್ದು ನಿಲ್ಲುತ್ತದೆ. ಆಗ ಬೈಗುಳ ಬೀಜಕ್ಕೆ. ಪಾಪ, ಬೀಜ ಏನು ಮಾಡೀತು?

ಇಲ್ಲಿ ಹೇಳುತ್ತಿರುವುದು ಬೆಂಗಳೂರು, ತುಮಕೂರು, ಮೈಸೂರು ಕಡೆಯ ಬಯಲುಸೀಮೆಯ ಕೆಂಪು ಮಣ್ಣಿಗೆ. ಮಲೆನಾಡು, ಕರಾವಳಿಯಲ್ಲಿ ಮಳೆಯೂ ಬೇರೆ, ಗಿಡಗಳೂ ಬೇರೆ.

1. ಜಾಗ

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಸಾಕು. ಮೊದಲ ವರ್ಷ 10 ಅಡಿಗೆ 10 ಅಡಿ ಮೀರಬೇಡಿ.

2. ಬೀಜ

ಆನ್‌ಲೈನಿನಲ್ಲಿ ‘ವೈಲ್ಡ್‌ಫ್ಲವರ್ ಮಿಕ್ಸ್’ ಎಂಬ ಚಂದದ ಪ್ಯಾಕೆಟ್ ಸಿಗುತ್ತದೆ. ತೆಗೆದುಕೊಳ್ಳಲೇಬೇಡಿ. ಒಳಗಿರುವುದು ಸಾಮಾನ್ಯವಾಗಿ ಕಾಸ್ಮೋಸ್, ಜಿನಿಯಾ, ಕ್ಯಾಲಿಫೋರ್ನಿಯಾ ಪಾಪಿ. ಒಂದೂ ನಮ್ಮದಲ್ಲ. ಹಳದಿ ಕಾಸ್ಮೋಸ್ ಮೆಕ್ಸಿಕೋ ಕಡೆಯದು, ಬೇಲಿ ದಾಟಿ ಹಬ್ಬುವ ಚಾಳಿ ಬೇರೆ. ಹುಚ್ಚೆಳ್ಳು ಕೂಡ ಮೂಲದಲ್ಲಿ ಇಥಿಯೋಪಿಯಾದ್ದು. ಆದರೆ ಜೇನುಹುಳ ಮುತ್ತುವುದನ್ನು ನೋಡಲೆಂದು ಒಂದು ಚಿಟಿಕೆ ಹಾಕಿದರೆ ನನ್ನ ತಕರಾರಿಲ್ಲ.

ನಮಗೆ ಬೇಕಾದ್ದು ತುಂಬೆ, ಕರ್ಣಕುಂಡಲ, ವಿಷ್ಣುಕ್ರಾಂತಿ, ಅಣ್ಣೆ ಸೊಪ್ಪು, ಗಿಜಿಗಿಜಿ ಗಿಡ, ಅಂಚಿಗೆ ನಾಲ್ಕೈದು ತಂಗಡಿ. ಇಷ್ಟನ್ನು ಕೆರೆ ಏರಿ, ಹೊಲದ ಬದು, ರಸ್ತೆ ಬದಿಯಲ್ಲೇ ಕೂಡಿಸಬಹುದು. ಮಳೆಗಾಲ ಮುಗಿದು ಕಾಯಿ ಒಣಗುವ ಹೊತ್ತಿಗೆ ಹೋಗಿ. ಹೊಲದವರನ್ನು ಒಂದು ಮಾತು ಕೇಳಿ, ಒಂದೊಂದು ಗಿಡದಿಂದ ಸ್ವಲ್ಪ ಸ್ವಲ್ಪ ತನ್ನಿ. ಅಭಯಾರಣ್ಯ, ಮೀಸಲು ಅರಣ್ಯದ ಕಡೆ ಕೈ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ.

ತುಂಬೆಯ ಒಣ ಗೊಂಚಲನ್ನು ಪೇಪರ್ ಮೇಲೆ ತಲೆಕೆಳಗು ಮಾಡಿ ತಟ್ಟಿದರೆ ಸಣ್ಣ ಬೀಜ ಉದುರುತ್ತದೆ. ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಹಾಗಾಗಿ ಇಡೀ ಕಾಯಿಯನ್ನು ಮುಷ್ಟಿಯೊಳಗೆ ಹಿಡಿದೇ ಕೀಳಬೇಕು. ಗಿಜಿಗಿಜಿ ಕಾಯಿ ಅಲ್ಲಾಡಿಸಿದಾಗ ಸದ್ದು ಬಂದರೆ ಬಲಿತಿದೆ ಅಂತ. ಹೂ ಮುಗಿದ ಮೇಲೂ ಅದರ ಒಣ ಕಡ್ಡಿಗೆ ಚಿಟ್ಟೆಗಳು ಬಂದು ಅಂಟಿಕೊಳ್ಳುತ್ತವೆ. ಆದರೆ ಗಿಡ, ಬೀಜ ಎರಡರಲ್ಲೂ ವಿಷದ ಅಂಶ ಇದೆ. ದನಕರು ನುಗ್ಗುವ ಜಾಗವಾದರೆ ಅದೊಂದನ್ನು ಬಿಡಿ.

ಬೀಜವನ್ನು ನೆರಳಲ್ಲಿ ಒಣಗಿಸಿ, ಪೇಪರ್ ಕವರಿಗೆ ಹಾಕಿ, ಹೆಸರು ಬರೆದು ಸ್ಟೀಲ್ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಬೇಡ, ಬೂಸ್ಟು ಬರುತ್ತದೆ.

3. ನೆಲ

ಎಲ್ಲರೂ ಕೆಡಿಸುವುದು ಇಲ್ಲೇ. ದಯವಿಟ್ಟು ನಿಧಾನವಾಗಿ ಓದಿ.

ನಿಮ್ಮ ಮಣ್ಣಿನಲ್ಲಿ ಈಗಾಗಲೇ ಕಳೆ ಬೀಜ ತುಂಬಿದೆ. ಒಂದು ಕಾಂಗ್ರೆಸ್ ಗಿಡವೇ ಸಾವಿರಾರು ಬೀಜ ಉದುರಿಸುತ್ತದೆ. ಮೇಲ್ಪದರದಲ್ಲಿದ್ದದ್ದು ಮಳೆ ಬಿದ್ದ ಕೂಡಲೇ ಮೊಳೆಯುತ್ತದೆ. ಆಳದಲ್ಲಿ ಹೂತದ್ದು ವರ್ಷಗಟ್ಟಲೆ ಹಾಗೇ ಕಾಯುತ್ತದೆ. ನೆಲ ಅಗೆದಷ್ಟೂ ಆ ಕಾದು ಕೂತ ಬೀಜಕ್ಕೆ ಬೆಳಕು ತೋರಿಸಿದ ಹಾಗೆ. ಹೊರಗಿನ ಮಣ್ಣು, ಸರಿಯಾಗಿ ಕಳಿಯದ ಗೊಬ್ಬರ ತಂದರೆ ಇನ್ನಷ್ಟು ಕಳೆಯನ್ನು ದುಡ್ಡು ಕೊಟ್ಟು ಮನೆಗೆ ಕರೆಸಿಕೊಂಡಂತೆ. ಈ ಹೂಗಳಿಗೆ ಗೊಬ್ಬರ ಬೇಕಾಗಿಯೂ ಇಲ್ಲ. ಬಡ ಮಣ್ಣೇ ಅವಕ್ಕೆ ಸರಿ. ಕೊಬ್ಬಿದ ಮಣ್ಣಿನಲ್ಲಿ ಲಾಭ ಕಳೆಗೇ ಜಾಸ್ತಿ.

ಗುದ್ದಲಿ ಎತ್ತಬೇಕಾದದ್ದು ಗರಿಕೆ, ಜೇಕು ಇದ್ದರೆ ಮಾತ್ರ. ಮಾರ್ಚ್ ಬಿಸಿಲಿನಲ್ಲಿ ಬೇರು, ಗಡ್ಡೆ ಸಮೇತ ತೆಗೆದು ಹೊರಗೆ ಒಣಗಿಸಿ. ಒಂದು ಗೆಣ್ಣು ಉಳಿದರೂ ಗರಿಕೆ ಮತ್ತೆ ಹಬ್ಬುತ್ತದೆ. ಇದೆಲ್ಲ ಮಳೆಗೆ ಮುಂಚೆಯೇ ಮುಗಿಯಬೇಕು.

ಆಮೇಲೆ ಏಪ್ರಿಲ್ ಕೊನೆ, ಮೇ ತಿಂಗಳ ಮಳೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುತ್ತಾರಲ್ಲ, ಅದೇ ಮಳೆ. ನಿಮ್ಮ ಕೈ ಕಡಿಯುತ್ತದೆ, ಗೊತ್ತು. ಆದರೂ ಬಿತ್ತಬೇಡಿ. ಆ ಮಳೆ ಕಳೆಗೆ. ಹುಟ್ಟುವುದೆಲ್ಲ ಹುಟ್ಟಲಿ. ಎರಡು ಮೂರು ವಾರಕ್ಕೆ ನೆಲ ಹಸಿರಾದಾಗ, ಬಿಸಿಲಿರುವ ಬೆಳಿಗ್ಗೆ ಸಲಿಕೆ ತೆಗೆದುಕೊಂಡು ಮೇಲೆ ಮೇಲೆ ಹೆರೆಯಿರಿ. ಒಂದು ಬೆರಳಿಗಿಂತ ಆಳ ಹೋಗಬಾರದು. ಹೆರೆದದ್ದು ಸಂಜೆಯೊಳಗೆ ಬಾಡುತ್ತದೆ. ಮುಂದಿನ ಮಳೆಗೆ ಎರಡನೇ ಹುಟ್ಟು ಬರುತ್ತದೆ, ಮೊದಲಿಗಿಂತ ತೆಳ್ಳಗೆ. ಅದನ್ನೂ ಹೆರೆಯಿರಿ. ಮಳೆ ಕೈಕೊಟ್ಟರೆ ಪೈಪಿನಿಂದ ನೀರು ಬಿಟ್ಟಾದರೂ ಎರಡು ಸುತ್ತು ಮುಗಿಸಿ. ಒಂದು ಸುತ್ತಿಗೆ ಸಾಕು ಎಂದುಕೊಂಡವರು ಆಗಸ್ಟ್‌ನಲ್ಲಿ ಕೂತು ಕಳೆ ಕೀಳುತ್ತಾರೆ.

ಕಾಂಗ್ರೆಸ್ ಗಿಡ ಮುಟ್ಟುವಾಗ ಗ್ಲೌಸ್ ಹಾಕಿ. ಹಲವರಿಗೆ ಚರ್ಮ ಕೆರೆತ, ಉಬ್ಬಸ ಬರುತ್ತದೆ. ಹೂ ಬಿಡುವ ಮುಂಚೆಯೇ ಕಿತ್ತರೆ ಕೆಲಸ ಸುಲಭ.

‘ಒಂದು ಸಲ ಕಳೆನಾಶಕ ಹೊಡೀರಿ ಸಾರ್, ಆಯ್ತು’ ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ಎದ್ದು ನಿಂತ ಗಿಡ ಸಾಯುತ್ತದೆ, ಮಣ್ಣಿನಲ್ಲಿ ಮಲಗಿದ ಬೀಜಕ್ಕೆ ಏನೂ ಆಗುವುದಿಲ್ಲ. ಅಂದಹಾಗೆ, ಕಾಂಗ್ರೆಸ್ ಗಿಡದ ಎಲೆ ತಿನ್ನುತ್ತಿರುವ, ಬಿಳಿ ಬೆನ್ನಿನ ಮೇಲೆ ಕಂದು ಗೆರೆಗಳ ಸಣ್ಣ ಜೀರುಂಡೆ ಕಂಡರೆ ಬಿಟ್ಟುಬಿಡಿ. ಮೆಕ್ಸಿಕೋದಿಂದ ತಂದು, ಈ ಕೆಲಸಕ್ಕೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳದ ಸಂತತಿ ಅದು.

4. ಬಿತ್ತನೆ

ಜೂನ್, ಮೃಗಶಿರ ಮಳೆಯ ಹೊತ್ತು. ತಂಗಡಿ ಮತ್ತು ಗಿಜಿಗಿಜಿ ಬೀಜದ ಸಿಪ್ಪೆ ಗಟ್ಟಿ. ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ, ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಮೇಲೆ ಸುರಿದು, ರಾತ್ರಿಯಿಡೀ ಬಿಡಿ. ಒಲೆ ಮೇಲೆ ಕುದಿಸಿದರೆ ಉಸಲಿ ಆಗುತ್ತದೆ ಅಷ್ಟೇ. ಬೆಳಿಗ್ಗೆ ಉಬ್ಬಿದ ಬೀಜ ಬಿತ್ತಿ, ಉಬ್ಬದ್ದನ್ನು ಮತ್ತೆ ಉಜ್ಜಿ. ಈ ಎರಡನ್ನು ಬೆರಳಲ್ಲಿ ಕುಳಿ ಮಾಡಿ ಬೇರೆಯಾಗಿಯೇ ಊರಿ.

ಉಳಿದ ಸಣ್ಣ ಬೀಜಕ್ಕೆ ಹತ್ತರಷ್ಟು ಒಣ ಮರಳು ಬೆರೆಸಿ. 100 ಚದರ ಅಡಿಗೆ ಒಂದು ಹಿಡಿ ಬೀಜ ಧಾರಾಳ. ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ. ಮಣ್ಣು ಮುಚ್ಚಬೇಡಿ, ಹಲಗೆ ಇಟ್ಟು ಮೇಲೆ ನಿಂತು ತುಳಿಯಿರಿ. ಬೀಜ ಮಣ್ಣಿಗೆ ಅಂಟಿದರೆ ಸಾಕು. ಸಂಜೆ ಬಿತ್ತಿದರೆ ಒಳ್ಳೆಯದು. ಇರುವೆ ಒಂದಿಷ್ಟು ಒಯ್ಯುತ್ತದೆ, ಒಯ್ಯಲಿ. ಅದಕ್ಕೆಂದು ವಿಷದ ಪುಡಿ ಹಾಕಬೇಡಿ.

ಅದೇ ದಿನ ಪ್ರತಿ ಜಾತಿಯ ನಾಲ್ಕು ಬೀಜವನ್ನು ಹೆಸರು ಬರೆದ ಬೇರೆ ಬೇರೆ ಕುಂಡದಲ್ಲೂ ಹಾಕಿ. ಮೊಳಕೆಯಲ್ಲಿ ಯಾವುದು ಹೂಗಿಡ, ಯಾವುದು ಕಳೆ ಎಂದು ಗೊತ್ತಾಗದೆ ಜನ ತುಂಬೆಯನ್ನೇ ಕಿತ್ತು ಹಾಕುತ್ತಾರೆ. ಕುಂಡ ಪಕ್ಕದಲ್ಲಿದ್ದರೆ ಹೋಲಿಸಿ ನೋಡಬಹುದು.

5. ಆಮೇಲೆ

ಮೊದಲ ತಿಂಗಳು ವಾರಕ್ಕೊಮ್ಮೆ ಕಳೆ. ಮಳೆ ತಪ್ಪಿದರೆ ನೀರು. ಸುತ್ತ ಎರಡಡಿ ಅಗಲ ದಾರಿಯನ್ನು ಬೋಳಾಗಿ ಕತ್ತರಿಸಿಡಿ. ಆಗ ಪಕ್ಕದ ಮನೆಯವರಿಗೆ ಇದು ಪಾಳು ಬಿದ್ದ ಜಾಗವಲ್ಲ ಎಂದು ಗೊತ್ತಾಗುತ್ತದೆ, ಹಾವಿನ ಭಯದ ಮಾತೂ ಕಡಿಮೆಯಾಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಬೀಜ ಉದುರಿದ ಮೇಲೆ ಕುಡುಗೋಲಿನಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ಕೊಯ್ದದ್ದು ಒಂದು ವಾರ ಅಲ್ಲೇ ಬಿದ್ದಿರಲಿ, ಉಳಿದ ಬೀಜ ಉದುರುತ್ತದೆ. ಆಮೇಲೆ ಕಡ್ಡಿಯನ್ನೆಲ್ಲ ಹೊರಗೆ ಸಾಗಿಸಿ. ಅಲ್ಲೇ ಕೊಳೆತರೆ ಮಣ್ಣು ಕೊಬ್ಬುತ್ತದೆ. ಬೆಂಕಿ ಹಚ್ಚುವುದಂತೂ ಬೇಡವೇ ಬೇಡ. ತಂಗಡಿಯನ್ನು ಮಾತ್ರ ಕೊಯ್ಯಬೇಡಿ. ಅದು ಪೊದೆಯಾಗುವ ಗಿಡ, ತುಂಬಿ ಹೂ ಬಿಡಲು ಒಂದೆರಡು ವರ್ಷ ಬೇಕು.