ಟೇಪ್ ಹಿಡಿದು ಫೆಮ್ಟೊಸೆಕೆಂಡ್ ಅಳೆದಿದ್ದು

ಲೇಸರ್ ಬೆಳಕು ಬಿದ್ದಾಗ ಅಣು ಹೇಗೆ ಅಲ್ಲಾಡುತ್ತದೆ ಅಂತ ನೋಡುವುದು ಲ್ಯಾಬಿನಲ್ಲಿ ನನ್ನ ಕೆಲಸ. ರಜೆಗೆ ಮೂಡಿಗೆರೆಗೆ ಬಂದಾಗಲೆಲ್ಲ ಅಪ್ಪನದು ಒಂದೇ ಪ್ರಶ್ನೆ. "ಅಣು ಅಲ್ಲಾಡೋದನ್ನ ಹಿಡಿಯೋ ಕ್ಯಾಮೆರಾ ಎಲ್ಲಿ ಸಿಗುತ್ತೆ ಮಾರಾಯ್ತಿ?"

ಸಿಗಲ್ಲ. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಫೆಮ್ಟೊಸೆಕೆಂಡ್. ಅಣು ಅಲ್ಲಾಡೋದು ಅಂಥ ಚೂರುಗಳ ಲೆಕ್ಕದಲ್ಲಿ. ಅಷ್ಟು ಚುರುಕಾದ ಶಟರ್ ಯಾರ ಹತ್ತಿರವೂ ಇಲ್ಲ.

ಅಪ್ಪನಿಗೆ ಬಸ್ಸಿನ ಲೆಕ್ಕ ಹೇಳಿದೆ. ಮೂಡಿಗೆರೆಯಿಂದ ಹಾಸನಕ್ಕೆ ಒಂದೇ ಹೊತ್ತಿಗೆ, ಒಂದೇ ವೇಗದಲ್ಲಿ ಎರಡು ಬಸ್ ಬಿಡಿ. ಒಂದು ಬೇಲೂರಿನ ಮೇಲೆ, ಇನ್ನೊಂದು ಸಕಲೇಶಪುರದ ಮೇಲೆ. ದಾರಿ ಎಷ್ಟು ಜಾಸ್ತಿಯೋ ಅಷ್ಟು ತಡ, ಅಲ್ವಾ? ಲೇಸರ್ ಮಿಂಚನ್ನೂ ನಾವು ಹೀಗೇ ಎರಡು ಮಾಡುತ್ತೇವೆ. ಮೊದಲು ಬಂದದ್ದು ಅಣುವನ್ನು ಕೆಣಕುತ್ತದೆ, ಅದು ಪಂಪ್. ಹಿಂದೆ ಬಂದದ್ದು ಅಣು ಏನಾಯ್ತು ಅಂತ ನೋಡುತ್ತದೆ, ಅದು ಪ್ರೋಬ್. ಪ್ರೋಬಿನ ದಾರಿಯಲ್ಲಿ ಸರಿಯುವ ಕನ್ನಡಿಗಳಿವೆ. ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಹಿಂದೆ ಸರಿಸಿದರೆ ಬೆಳಕು ಹೋಗಿ ಬರಲು ಎರಡು ಮೈಕ್ರಾನ್ ಹೆಚ್ಚಾಯಿತು, ಅಂದರೆ ಸುಮಾರು 6.7 ಫೆಮ್ಟೊಸೆಕೆಂಡ್ ತಡ. ಅಹ್ಮದ್ ಜುವೈಲ್‌ಗೆ 1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ತಂದ ಕೆಲಸಕ್ಕೂ ಬುಡ ಇದೇ ಉಪಾಯ.

ಹೇಳೋಕೆ ಸುಲಭ. ಎರಡು ಮಿಂಚೂ ಒಟ್ಟಿಗೆ ತಲುಪುವ ಜಾಗ, ನಾವು ಟೈಮ್ ಝೀರೋ ಅನ್ನುತ್ತೇವೆ, ಅದನ್ನು ಹುಡುಕೋದಿದೆಯಲ್ಲ! ಬೆಂಗಳೂರಿನ ಲ್ಯಾಬಿನಲ್ಲಿ ನನ್ನ ಮೂರು ದಿನ ಅದಕ್ಕೇ ಹೋಯ್ತು. ಟೇಪ್ ಹಿಡಿದು ಕನ್ನಡಿಯಿಂದ ಕನ್ನಡಿಗೆ ಅಳೆದಿದ್ದೆ. ಒಂದು ತಿರುವು ಲೆಕ್ಕಕ್ಕೆ ಬಿಟ್ಟುಹೋಗಿತ್ತು. 15 ಸೆಂಟಿಮೀಟರ್ ತಪ್ಪು. ಬಡಗಿಗೂ ನಾಚಿಕೆಯಾಗುವ ತಪ್ಪು ಅದು. ಬೆಳಕಿನ ಲೆಕ್ಕದಲ್ಲಿ 5 ಲಕ್ಷ ಫೆಮ್ಟೊಸೆಕೆಂಡ್!

ನಾಲ್ಕನೇ ದಿನ ಪರದೆಯ ಮೇಲೆ ಸೂಜಿಯಂಥ ಗೆರೆ ಎದ್ದಿತು. ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಎಥನಾಲಿನಲ್ಲಿ ಕರಗಿಸಿದ ಅಜೋಬೆಂಜೀನ್, ಕಿತ್ತಳೆ ಬಣ್ಣದ್ದು. ಬೆಳಕು ಬಿದ್ದರೆ ನೆಟ್ಟಗಿರುವ ಅಣು ಮಡಚಿಕೊಳ್ಳುತ್ತದೆ. ಖುಷಿಗೆ ಮನೆಗೆ ಫೋನೂ ಮಾಡಿಬಿಟ್ಟೆ. ಸೀನಿಯರ್ ಒಬ್ಬರು ಬಂದು ನೋಡಿ, "ಬರೀ ಎಥನಾಲ್ ಇಟ್ಟು ನೋಡಮ್ಮ" ಅಂದರು. ಇಟ್ಟೆ. ಅದೇ ಸೂಜಿ. ಗಾಜಿನದೂ ಎಥನಾಲಿನದೂ ಸೇರಿದ ಆಟ ಅದು, ನನ್ನ ಅಣುವಿನದಲ್ಲ.

ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ಹೊಳೆಯಿತು: ಎರಡು ಮಿಂಚು ಒಟ್ಟಿಗೆ ಬಂದಾಗ ಮಾತ್ರ ಆ ಸೂಜಿ ಏಳುತ್ತದೆ. ನಾನು ಹುಡುಕುತ್ತಿದ್ದ ಟೈಮ್ ಝೀರೋ ಅದೇ!

ಅಜೋಬೆಂಜೀನನ್ನು ಮತ್ತೆ ಇಟ್ಟು, ಸೂಜಿಯ ಹಿಂದೆ ನೋಡಿದೆ. ಸಣ್ಣ ಬಾಲವೊಂದಿತ್ತು, ಕೆಲವೇ ಪಿಕೋಸೆಕೆಂಡಿನಲ್ಲಿ (ಸಾವಿರ ಫೆಮ್ಟೊಸೆಕೆಂಡಿಗೆ ಒಂದು ಪಿಕೋಸೆಕೆಂಡ್) ಇಳಿದುಹೋಗುವಂಥದ್ದು. ಬರೀ ಎಥನಾಲಿನಲ್ಲಿ ಅದು ಇರಲಿಲ್ಲ. ರಾತ್ರಿಯಿಡೀ ಅದನ್ನೇ ಮತ್ತೆ ಮತ್ತೆ ಅಳೆದು ಸರಾಸರಿ ತೆಗೆದೆ. ಈ ಸಲ ಮನೆಗೆ ಫೋನ್ ಮಾಡಿದ್ದು ಬೆಳಗಾದ ಮೇಲೆ.