ಕೊನೆಗೆ ಬಂದ ಕುದುರೆಗೂ ಚಪ್ಪಾಳೆ ಸಿಗಬೇಕು: ರೈಡ್ ಬಹುಮಾನ ಬದಲಿಸುವುದು ಹೇಗೆ

ನಾನಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. ಕಾರಿನಲ್ಲಿ ಅರ್ಧ ಗಂಟೆ ಹೋದರೆ ಆಬರ್ನ್ ಊರು. 1955ರಲ್ಲಿ ಶುರುವಾದ ಟೆವಿಸ್ ಕಪ್, ಅಂದರೆ ಒಂದೇ ದಿನದಲ್ಲಿ ಕುದುರೆ ಮೇಲೆ 100 ಮೈಲಿ, ಮುಗಿಯುವುದು ಅಲ್ಲೇ. ಈ ಸೀಮೆಯಲ್ಲಿದ್ದು ಎಂಡ್ಯೂರೆನ್ಸ್ ರೈಡಿಂಗ್, ಅಂದರೆ ಕುದುರೆ ಮೇಲೆ ಬಹು ದೂರ ಹೋಗುವ ಪಂದ್ಯದ ಹುಚ್ಚು ಹತ್ತದೇ ಇರುವುದು ಕಷ್ಟ. ನಾನು ಮೊದಲು ಸ್ಟೆತೊಸ್ಕೋಪ್ ಹಿಡಿದು ಕುದುರೆಗಳ ನಾಡಿ ಎಣಿಸಲು ಹೋದವಳು. ಆಮೇಲೆ ಜೀನು ಏರಿದೆ. ಈಗ ಕೆಲವು ವರ್ಷಗಳಿಂದ ಒಂದು ಸಣ್ಣ ರೈಡಿನ ಬಹುಮಾನದ ಕೆಲಸ ನನ್ನ ತಲೆ ಮೇಲಿದೆ. ಇಲ್ಲಿನ ಇಬ್ಬರು ಕನ್ನಡದ ಗೆಳೆಯರು ತಮ್ಮ ರೈಡ್ ಸಮಿತಿಗೆ ಸೇರಿದ್ದಾರೆ. "ಹೊಸಬರು ಒಂದು ಸಲ ಬಂದು ಮಾಯವಾಗುತ್ತಾರೆ, ಬಹುಮಾನ ಬದಲಿಸೋಣ ಅಂದರೆ ಹಳಬರು ಸಿಟ್ಟಾಗುತ್ತಾರೆ, ಏನು ಮಾಡೋದು?" ಎಂದು ಕೇಳಿದರು. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಬಹುಮಾನದ ಪಟ್ಟಿ ನೋಡಬೇಡಿ. ಗಡಿಯಾರ ನೋಡಿ.

25 ಮೈಲಿಗೆ 6 ಗಂಟೆ ಕಾಲಾವಕಾಶ. 50 ಮೈಲಿಗೆ 12 ಗಂಟೆ. ನಡುವೆ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುವ ವೆಟ್ ಚೆಕ್‌ನ ಕಡ್ಡಾಯ ವಿರಾಮವೂ ಅದರೊಳಗೇ ಸೇರಿದೆ. ಹಳಬರು ಮಧ್ಯಾಹ್ನಕ್ಕೇ ಬಂದುಬಿಡುತ್ತಾರೆ. ಹೊಸಬರು ಕುದುರೆಯನ್ನು ಜೋಪಾನವಾಗಿ ತರುತ್ತಾರೆ, ತಡವಾಗುತ್ತದೆ. ಒಂದು ವರ್ಷ ನಾವು ಸಂಜೆ ಐದಕ್ಕೆ ಊಟ, ಬಹುಮಾನ ಎಲ್ಲ ಮುಗಿಸಿದೆವು. ಕಾಲಾವಕಾಶ ಮುಗಿಯುವ ಆರು ಗಂಟೆಗೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ, ಮೊದಲ ಸಲ 50 ಮೈಲಿ ಹೊರಟಿದ್ದ ಹೆಂಗಸೊಬ್ಬರು ಬಂದರು. ಕೊನೆಯ ಒಂದು ಮೈಲಿ ಕೆಳಗಿಳಿದು, ಕುದುರೆಯನ್ನು ಹಿಡಿದುಕೊಂಡು ನಡೆದೇ ಬಂದಿದ್ದರು. ಶೂ ಪೂರ್ತಿ ಕೆಂಧೂಳು. ಕುದುರೆ ಬಂದ ಕೂಡಲೇ ಬಕೆಟ್‌ಗೆ ಮೂತಿ ಇಟ್ಟು ಗಟಗಟ ನೀರು ಕುಡಿಯಿತು. ಪಶುವೈದ್ಯರು ಕುದುರೆಯ ಸ್ಥಿತಿ ಬರೆಯುವ ವೆಟ್ ಕಾರ್ಡಿನ ತುಂಬ ಎ, ಎ, ಎ. ಅಷ್ಟು ಚೆನ್ನಾಗಿ ತಂದಿದ್ದರು. ಅಷ್ಟರಲ್ಲಿ ಕುರ್ಚಿಗಳನ್ನೆಲ್ಲ ಮಡಚಿ ಟ್ರೈಲರ್‌ಗೆ ಹಾಕಿಯಾಗಿತ್ತು. ರಟ್ಟಿನ ಡಬ್ಬದಲ್ಲಿ ಉಳಿದಿದ್ದ ಒಂದೇ ಟೀ ಶರ್ಟ್ ತೆಗೆದುಕೊಟ್ಟೆ. ಅವರಿಗೆ ಎರಡು ಸೈಜ್ ದೊಡ್ಡದು. ಚಪ್ಪಾಳೆ ತಟ್ಟಲು ಇದ್ದವಳು ನಾನೊಬ್ಬಳೇ. ಕರುಳು ಚುರ್ ಎಂದಿತು. ಮುಂದಿನ ವರ್ಷ ಅವರು ಬರಲಿಲ್ಲ.

ಹಾಗಾಗಿ ನಮ್ಮ ಮೊದಲ ಬದಲಾವಣೆಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಬಹುಮಾನ ಕೊಡುವುದನ್ನು ಮರುದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಇಟ್ಟೆವು. ಹೇಗೂ ಜಾಸ್ತಿ ಜನ ರಾತ್ರಿ ಕ್ಯಾಂಪ್‌ನಲ್ಲೇ ಉಳಿಯುತ್ತಾರೆ. ನಿಮ್ಮಲ್ಲಿ ಎಲ್ಲರೂ ಸಂಜೆಯೇ ಹೊರಡುತ್ತಾರೆ ಅಂದರೆ, ಕೊನೆಯ ಕುದುರೆ ಬರುವ ತನಕ ಕಾಯಿರಿ.

ಆಮೇಲೆ ಫೋನ್ ಹಿಡಿಯಿರಿ. ಹಿಂದಿನ ಮೂರು ವರ್ಷ ಮೊದಲ ಸಲ ಬಂದು ಮತ್ತೆ ಬಾರದವರ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ಕರೆ ಮಾಡಿ. "ಬಹುಮಾನ ಇಷ್ಟ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. "ಬಹುಮಾನ ಕೊಡುವಾಗ ನೀವು ಎಲ್ಲಿದ್ರಿ? ಆ ದಿನ ನಿಮ್ಮ ಜೊತೆ ಯಾರು ಮಾತಾಡಿದ್ರು?" ಅಂತ ಕೇಳಿ. ನನಗೆ ಸಿಕ್ಕ ಉತ್ತರಗಳಲ್ಲಿ ಹೆಚ್ಚಿನವು "ಯಾರೂ ಇಲ್ಲ" ಅನ್ನುವುದೇ.

ಎರಡು ಬಹುಮಾನಗಳನ್ನು ಮಾತ್ರ ಮುಟ್ಟಬೇಡಿ. ಒಂದು, ಮುಗಿಸಿದವರಿಗೆಲ್ಲ ಕೊಡುವ ಬಹುಮಾನ. "ಮುಗಿಸಿದವರೆಲ್ಲ ಗೆದ್ದವರು" ಅನ್ನುವುದೇ 1972ರಲ್ಲಿ ಹುಟ್ಟಿದ, ಇಲ್ಲಿನ ರೈಡ್‌ಗಳಿಗೆ ನಿಯಮ ಮಾಡುವ ಸಂಸ್ಥೆಯಾದ ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್‌ನ ಘೋಷವಾಕ್ಯ. ಟೆವಿಸ್‌ನಲ್ಲೂ 24 ಗಂಟೆಯೊಳಗೆ ಗಟ್ಟಿಮುಟ್ಟಾದ ಕುದುರೆ ತಂದವರೆಲ್ಲರಿಗೂ ಅದೇ ಬೆಳ್ಳಿಯ ಬೆಲ್ಟ್ ಬಕಲ್.

ಇನ್ನೊಂದು ಬೆಸ್ಟ್ ಕಂಡೀಷನ್. ಮೊದಲ ಹತ್ತರಲ್ಲಿ ಬಂದ ಕುದುರೆಗಳ ಪೈಕಿ ಯಾವುದು ಅತ್ಯಂತ ಚೆನ್ನಾಗಿದೆಯೋ ಅದಕ್ಕೆ ಕೊಡುವುದು. ವೆಟ್ ಕೊಡುವ ಅಂಕ 500ರ ತನಕ, ಸಮಯಕ್ಕೆ 200, ಸವಾರರ ತೂಕಕ್ಕೆ 100. ಹಳಬರಿಗೆ ಇದರ ಮೇಲೆ ಪ್ರಾಣ. ಮೊದಲನೇ ಸ್ಥಾನಕ್ಕಿಂತ ಇದೇ ದೊಡ್ಡದು ಅನ್ನುವವರು ತುಂಬ ಜನ. ನಾನೂ ಆ ಪೈಕಿಯವಳೇ.

ಈಗ ಹೊಸಬರ ಬಹುಮಾನಕ್ಕೆ ಬರೋಣ. ಇಲ್ಲಿ ಒಂದು ತಪ್ಪು ಬಹಳ ಸುಲಭವಾಗಿ ಆಗುತ್ತದೆ: "ಅತಿ ವೇಗದ ಹೊಸಬ" ಅಂತ ಒಂದು ಬಹುಮಾನ ಇಟ್ಟುಬಿಡುವುದು. ದಯವಿಟ್ಟು ಬೇಡ. ಕುದುರೆ ಯಾವಾಗ ಸುಸ್ತಾಗಿದೆ ಅಂತ ಓದಲು ಇನ್ನೂ ಬಾರದವರ ಕೈಗೆ ಓಡಿಸಲು ಕಾರಣ ಕೊಟ್ಟಂತೆ ಆಗುತ್ತದೆ. ಅದರ ಬೆಲೆ ತೆರುವುದು ಕುದುರೆ. 25 ಮೈಲಿಯ ರೈಡಿನಲ್ಲಿ ಗೆರೆ ದಾಟಿದ ಮೇಲೆ 30 ನಿಮಿಷದೊಳಗೆ ಕುದುರೆಯ ನಾಡಿ ನಿಮಿಷಕ್ಕೆ 60ಕ್ಕೆ ಇಳಿಯಬೇಕು. ಇಳಿದ ಹೊತ್ತೇ ಮುಗಿಸಿದ ಹೊತ್ತು. ಈ ನಿಯಮ ಎಷ್ಟು ಚಂದ ಅಲ್ವಾ? ನಿಮ್ಮ ಬಹುಮಾನವೂ ಇದೇ ದಾರಿಯಲ್ಲಿರಲಿ.

ನಾವು ಮಾಡಿದ್ದು ಹೀಗೆ. ಮೊದಲ ರೈಡ್ ಮುಗಿಸಿದ ಎಲ್ಲರಿಗೂ ಅವರ ವೆಟ್ ಕಾರ್ಡಿನ ಪ್ರತಿಯನ್ನು ಫ್ರೇಮ್ ಹಾಕಿಸಿ ಕೊಡುತ್ತೇವೆ. ವೆಟ್‌ನ ಕೈಬರಹ, ನಾಡಿಯ ಸಂಖ್ಯೆ, ಒಣಗಿದ ನೀರಿನ ಕಲೆ, ಎಲ್ಲ ಹಾಗೇ ಇರುತ್ತದೆ. ಜೊತೆಗೆ ಒಂದು ಗೊರಸು ಕೆರೆಯುವ ಹೂಫ್ ಪಿಕ್. ಅದೇ ಹೂಫ್ ಪಿಕ್ ಇನ್ನೊಬ್ಬರಿಗೂ ಸಿಗುತ್ತದೆ: ಆ ಹೊಸಬರ ಜೊತೆಗೆ ಅವರದೇ ವೇಗದಲ್ಲಿ ಸವಾರಿ ಮಾಡಿ, ಕೊನೆಯ ವೆಟ್ ಚೆಕ್ ಮುಗಿಯುವ ತನಕ ಪಕ್ಕದಲ್ಲಿ ನಿಂತ ಹಳಬರಿಗೆ. ಇಬ್ಬರನ್ನೂ ಒಟ್ಟಿಗೆ ಕರೆಯುತ್ತೇವೆ.

ಹಳಬರ ಹತ್ತಿರ ಮಾತಾಡುವುದನ್ನು ಸಭೆಗೆ ಬಿಡಬೇಡಿ. ಸಭೆಯಲ್ಲಿ ಒಬ್ಬರು ಬೇಡ ಅಂದರೆ ಉಳಿದವರೂ ತಲೆ ಆಡಿಸುತ್ತಾರೆ. ಮೊದಲೇ ಒಬ್ಬೊಬ್ಬರ ಕ್ಯಾಂಪ್‌ಗೆ ಹೋಗಿ ಕೂತು ಮಾತಾಡಿ. ನಾನು ಹೋದಾಗ ಒಬ್ಬ ಹಿರಿಯ ಸವಾರರು ಮಾತಿಲ್ಲದೆ ಕುದುರೆಯ ಕಾಲಿಗೆ ಮಣ್ಣು ಮೆತ್ತುತ್ತಾ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು: "ನನ್ನ ಕುದುರೆಗೆ ಈಗ ಹತ್ತೊಂಬತ್ತು ವರ್ಷ. ಮೊದಲ ಹತ್ತರಲ್ಲಿ ಇನ್ನು ಬರಲ್ಲ. ಅವಳನ್ನು ಯಾರು ಕರೀತಾರೆ?" ನ್ಯಾಯವಾದ ಪ್ರಶ್ನೆ. ಆ ವರ್ಷವೇ ನಮ್ಮ ರೈಡನ್ನು ಅತಿ ಹೆಚ್ಚು ಸಲ ಮುಗಿಸಿದ ಕುದುರೆಗೆ ಒಂದು ಬಹುಮಾನ ಸೇರಿಸಿದೆವು. ಸವಾರರಿಗಲ್ಲ, ಕುದುರೆಗೆ. ತಲೆಗೆ ಹಾಕಿ ಹಿಡಿದು ನಡೆಸುವ ಹೊಸ ಹಾಲ್ಟರ್, ಒಂದು ಬುಟ್ಟಿ ಕ್ಯಾರೆಟ್. ಮುಂದಿನ ಸಲ ಹೊಸಬರ ಜೊತೆ ಹೊರಡುತ್ತೇನೆ ಎಂದು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವರು ಆ ಹಿರಿಯರೇ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲ ಹತ್ತು ಜನರಿಗೆ ಕೊಡುತ್ತಿದ್ದ ದುಬಾರಿ ಜಾಕೆಟ್ ನಿಲ್ಲಿಸಿದೆವು, ಅದರಲ್ಲೇ ಎಲ್ಲ ಆಯಿತು. ಟ್ರೋಫಿ, ಫಲಕ ಬೇಡ. ಬಕೆಟ್, ಸ್ಪಂಜು, ಹಗ್ಗ ಕೊಡಿ, ದಿನಾ ಕೈಗೆ ಬರುತ್ತವೆ.

ಬದಲಾವಣೆಯನ್ನು ರೈಡ್ ವರ್ಷದ ನಡುವೆ ತರಬೇಡಿ. ಇಲ್ಲಿ ಅದು ಡಿಸೆಂಬರ್ 1ಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಬರೆದು ಎಲ್ಲರಿಗೂ ಕಳಿಸಿ.

ಕೊನೆಗೆ ಒಂದು ಸಣ್ಣ ಕೆಲಸ. ಹಿಂದಿನ ರಾತ್ರಿಯೇ ಹೊಸಬರ ಬಳಿ ಹೋಗಿ ಹೆಸರು ಹೇಗೆ ಹೇಳಬೇಕು ಅಂತ ಕೇಳಿ ಬರೆದುಕೊಳ್ಳಿ. ಕುದುರೆಯದ್ದೂ. ಕರೆಯುವಾಗ ಕುದುರೆಯ ಹೆಸರನ್ನೇ ಮೊದಲು ಹೇಳಿ.