ಕಾರು ಮನೆಯಲ್ಲೇ ಬಿಟ್ಟು ಅಪ್ಪ ಅಮ್ಮನಿಗೆ ಮೆಲ್ಬರ್ನ್ ತೋರಿಸಿದ್ದು

ಅಪ್ಪ ಅಮ್ಮ ಮೂರನೇ ಸಲ ಬಂದು ಹೋದರು. 2025ರ ಅಕ್ಟೋಬರ್, ನವೆಂಬರ್, ಒಟ್ಟು ಏಳು ವಾರ. ಏರ್‌ಪೋರ್ಟಿಗೆ ಹೋಗಿ ಬಂದದ್ದು ಬಿಟ್ಟರೆ ಊರು ನೋಡಲು ಒಂದು ದಿನವೂ ಕಾರು ತೆಗೆಯಲಿಲ್ಲ. ಮೊದಲು ಇದನ್ನು ಹೇಳಿದಾಗ ಇಲ್ಲಿನ ಕನ್ನಡದ ಗೆಳೆಯರೆಲ್ಲ ಬೈದರು. "ವಯಸ್ಸಾದವರನ್ನು ರೈಲು, ಟ್ರಾಮ್ ಅಂತ ಅಲೆದಾಡಿಸ್ತೀಯಾ? ಸುಮ್ನೆ ಒಂದು ಟೂರ್ ಬಸ್ಸಿಗೆ ಹತ್ತಿಸು" ಅಂದರು. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ. ನನ್ನ ಹೆಂಡತಿಗೂ ನಂಬಿಕೆ ಇರಲಿಲ್ಲ. ಈಗ ಅದೇ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಮಾಡಿ ನನ್ನ ಪಟ್ಟಿ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ವೀಸಾ, ವಿಮೆ, ರೈಲು ಟ್ರಾಮ್ ಬಸ್ಸಿಗೆಲ್ಲ ಟಿಕೆಟ್ ಆಗುವ ಮೈಕಿ ಕಾರ್ಡ್ ಇವೆಲ್ಲ ನಿಮಗೆ ಗೊತ್ತೇ ಇದೆ. ಅದಕ್ಕೆ ಕೈ ಹಾಕಲ್ಲ. ಒಂದೇ ಮಾತು, ಊರಿಂದ ತರುವ ತಿಂಡಿಯನ್ನೆಲ್ಲ ಏರ್‌ಪೋರ್ಟಿನಲ್ಲಿ ಇಳಿದಾಗ ಕೊಡುವ ಘೋಷಣೆ ಕಾರ್ಡಿನಲ್ಲಿ ಬರೆಸಿ. ಎರಡನೇ ಸಲ ಅಮ್ಮ ಹಸಿ ಕರಿಬೇವು ಕಟ್ಟಿಕೊಂಡು ಬಂದಿದ್ದರು. ಬರೆದಿದ್ದರಿಂದ ಕರಿಬೇವು ಮಾತ್ರ ಹೋಯಿತು, ದಂಡ ಬೀಳಲಿಲ್ಲ.

ಮೊದಲ ಸಲ ಬಂದದ್ದು 2017ರಲ್ಲಿ. ಆಗ ನಾನೂ ಎಲ್ಲರಂತೆ ಗ್ರೇಟ್ ಓಶನ್ ರೋಡಿಗೆ ಟೂರ್ ಬಸ್ಸು ಬುಕ್ ಮಾಡಿದೆ. ಮೂವರಿಗೆ ಹತ್ತಿರ ಹತ್ತಿರ 400 ಡಾಲರ್. ಲಾರ್ನ್ ದಾಟಿದ ಮೇಲೆ ತಿರುವುಗಳಲ್ಲಿ ಅಮ್ಮನಿಗೆ ವಾಂತಿ ಶುರುವಾಯಿತು, ನಿಲ್ಲಲೇ ಇಲ್ಲ. ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ಟ್ವೆಲ್ವ್ ಅಪಾಸಲ್ಸ್ ಬಂಡೆಗಳ ಮುಂದೆ ನಿಂತದ್ದು ನಲವತ್ತು ನಿಮಿಷ. ಮಧ್ಯಾಹ್ನದ ಊಟಕ್ಕೆ ಅಮ್ಮನಿಗೆ ಸಿಕ್ಕಿದ್ದು ಚಿಪ್ಸ್ ಮಾತ್ರ. ಆ ಪ್ರವಾಸದಲ್ಲಿ ನೋಡುವುದಕ್ಕೆ ಅಂತಲೇ ಎಲ್ಲ ಸೇರಿ 2,500 ಡಾಲರ್ ಖರ್ಚಾಗಿರಬೇಕು. ಊರಿಗೆ ಹೋದ ಮೇಲೆ ಅಮ್ಮ ನೆಂಟರಿಗೆ ಹೇಳಿದ್ದು "ಚೆನ್ನಾಗಿತ್ತು, ತುಂಬಾ ಚಳಿ" ಅಂತ ಅಷ್ಟೆ. ಅದು ನನಗೆ ನೋವಾಯಿತು.

2023ರಲ್ಲಿ ಎರಡನೇ ಸಲ. ನಾನೇ ಕಾರಿನಲ್ಲಿ ತೋರಿಸುತ್ತೇನೆ ಅಂದುಕೊಂಡೆ. ಸಿಟಿ ಮಧ್ಯೆ ಒಂದು ದಿನ ಪಾರ್ಕಿಂಗಿಗೆ 68 ಡಾಲರ್ ಕೊಟ್ಟೆ, ಟೋಲ್ ಬೇರೆ. ಅದಕ್ಕಿಂತ ಬೇಸರದ ವಿಷಯ, ನಾನು ರಸ್ತೆ ನೋಡುತ್ತಿದ್ದೆ, ಅವರು ಕಿಟಕಿಯಿಂದ ಮನೆಗಳ ಬೆನ್ನು ನೋಡುತ್ತಿದ್ದರು. ಯಾರ ಜೊತೆಯೂ ಒಂದು ಮಾತಿಲ್ಲ. ಆ ಸಲವೇ ಇನ್ನೊಂದು ತಪ್ಪಾಯಿತು. ಸಿಟಿಯಲ್ಲಿ ಟ್ರಾಮ್ ಉಚಿತ ಅಂತ ಅಪ್ಪನಿಗೆ ಹೇಳಿದ್ದೆ. ಅವರು ಒಬ್ಬರೇ ಹತ್ತಿ ಉಚಿತ ವಲಯ ದಾಟಿ ಎರಡು ಸ್ಟಾಪ್ ಮುಂದೆ ಹೋದರು. ತಪಾಸಣೆಯವರು ಹಿಡಿದರು. ಪುಣ್ಯಕ್ಕೆ ಎಚ್ಚರಿಕೆ ಹೇಳಿ ಬಿಟ್ಟರು, ಇಲ್ಲದಿದ್ದರೆ 300 ಡಾಲರ್ ಹತ್ತಿರ ದಂಡ. ಅಪ್ಪ ಆಮೇಲೆ ಎರಡು ದಿನ ಮನೆಯಿಂದ ಹೊರಗೇ ಬರಲಿಲ್ಲ. ಇಡೀ ಜೀವನ ಟಿಕೆಟ್ ಇಲ್ಲದೆ ಬಸ್ಸು ಹತ್ತದ ಮನುಷ್ಯ ಅವರು. ಹಾಗಾಗಿ ಈಗ ನನ್ನ ನಿಯಮ ಒಂದೇ: ಉಚಿತವೋ ಅಲ್ಲವೋ, ಆ ವಲಯ ದಾಟುವ ಸಾಧ್ಯತೆ ಒಂಚೂರು ಇದ್ದರೂ ಕಾರ್ಡ್ ಮುಟ್ಟಿಸಬೇಕು.

ಈ ಸಲದ ಲೆಕ್ಕ ಬೇರೆ. ದಿನಕ್ಕೆ ಒಂದು ರೈಲು ಮಾರ್ಗ, ಒಂದು ಸಂತೆ, ಒಂದು ಊಟ. ಅದಕ್ಕಿಂತ ಜಾಸ್ತಿ ಏನೂ ಇಲ್ಲ. ಬೆಳಿಗ್ಗೆ ಹತ್ತರ ನಂತರ ಹೊರಡುವುದು, ಸಾಮಾನ್ಯವಾಗಿ ನಾಲ್ಕರೊಳಗೆ ವಾಪಸ್. ನಾವಿರುವುದು ಮೆಲ್ಬರ್ನಿನ ಪಶ್ಚಿಮ ತುದಿಯ ಟಾರ್ನೀಟ್. ಅಲ್ಲಿಂದ ದೂರದ ಊರುಗಳಿಗೆ ಹೋಗುವ ವಿ-ಲೈನ್ ರೈಲು ಹತ್ತಿದರೆ ಫುಟ್ಸ್‌ಕ್ರೇಗೆ ಇಪ್ಪತ್ತು ನಿಮಿಷದ ಆಸುಪಾಸು. 2025ರಲ್ಲಿ ಮೈಕಿಯಲ್ಲಿ ಎಷ್ಟು ಓಡಾಡಿದರೂ ದಿನಕ್ಕೆ 11 ಡಾಲರ್ ಮೀರುತ್ತಿರಲಿಲ್ಲ, ಶನಿವಾರ ಭಾನುವಾರ ಏಳೂವರೆ ಹತ್ತಿರ. ನಾನು ಶುಕ್ರವಾರಗಳಲ್ಲಿ ರಜೆ ಹಾಕಿಕೊಂಡೆ, ಜೊತೆಗೆ ಶನಿವಾರ, ಒಂದೆರಡು ಭಾನುವಾರ. ಒಟ್ಟು ಹದಿನಾರು ದಿನ ಹೊರಗೆ ಹೋದೆವು. ಮೂವರ ಪ್ರಯಾಣಕ್ಕೆ 450ರ ಹತ್ತಿರ, ಊಟ ಕಾಫಿಗೆ 550, ಅಲ್ಲಿ ಇಲ್ಲಿ ಪ್ರವೇಶಕ್ಕೆ ಒಂದು ನೂರು. 1,100 ಡಾಲರಿನಲ್ಲಿ ಮುಗಿಯಿತು.

ಮೊದಲ ದಿನ ಫುಟ್ಸ್‌ಕ್ರೇ. ಇದನ್ನು ಬೇಕೆಂದೇ ಮೊದಲು ಇಟ್ಟೆ. ಅಲ್ಲಿನ ಮಾರುಕಟ್ಟೆಯಲ್ಲಿ ವಿಯೆಟ್ನಾಮಿನವರ ತರಕಾರಿ ಅಂಗಡಿಗಳು ಸಾಲಾಗಿವೆ. ಅಮ್ಮ ಒಂದು ಅಂಗಡಿ ಮುಂದೆ ನಿಂತವರು ಮುಂದೆ ಬರಲೇ ಇಲ್ಲ. ತಿರುಗಿ ನೋಡಿದರೆ ಕೈಯಲ್ಲಿ ಒಂದು ಕಟ್ಟು ಸೊಪ್ಪು ಹಿಡಿದು, ದಪ್ಪ ಎಲೆಯನ್ನು ಉಗುರಿನಿಂದ ಚೂರು ಚಿವುಟಿ, ಲೋಳೆಯನ್ನು ಎರಡು ಬೆರಳ ಮಧ್ಯೆ ಉಜ್ಜಿ ನೋಡುತ್ತಿದ್ದಾರೆ. "ಇದು ನಮ್ಮ ಬಸಳೆ ಅಲ್ವಾ ಮಾರಾಯಾ!" ಬಸಳೆಯೇ. ವಿಯೆಟ್ನಾಮಿನವರು ಅದನ್ನು ಸಾರಿಗೆ ಹಾಕುತ್ತಾರೆ. ಅಂಗಡಿಯ ಹೆಂಗಸಿಗೂ ಅಮ್ಮನ ವಯಸ್ಸೇ ಇರಬೇಕು. ಎಲೆ ಚಿವುಟಿದ್ದಕ್ಕೆ ಏನಾದರೂ ಅಂತಾರೋ ಅಂತ ನನಗೆ ಹೆದರಿಕೆ. ಆದರೆ ಆಕೆ ಕೈ ಸನ್ನೆಯಲ್ಲಿ ಇದು ಬೇಡ ಅಂತ ಆ ಕಟ್ಟು ತೆಗೆದಿಟ್ಟು, ಕೆಳಗಿನ ಪೆಟ್ಟಿಗೆಯಿಂದ ಎಳೆ ದಂಟಿನ ಇನ್ನೊಂದು ಕಟ್ಟು ಕೊಟ್ಟರು. ಅಮ್ಮ ಕನ್ನಡದಲ್ಲೇ "ಹಲಸಿನ ಬೀಜ ಇದ್ಯಾ?" ಅಂತ ಕೇಳಿದರು. ಆಕೆ ನಕ್ಕು ಬಾಳೆ ಹೂವು ತೋರಿಸಿದರು. ಅದನ್ನೂ ಕೊಂಡೆವು. ಎರಡೂ ಸೇರಿ ಏಳೋ ಎಂಟೋ ಡಾಲರ್. ಆ ರಾತ್ರಿ ಮನೆಯಲ್ಲಿ ಬಸಳೆ ಹುಳಿ. ಮೂರು ವಾರದ ಹಿಂದೆ ಉಡುಪಿಯ ಮನೆಯ ಚಪ್ಪರದಿಂದ ಕಿತ್ತದ್ದಕ್ಕಿಂತ ಇದು ಎಳೆಯದು ಅಂತ ಅಮ್ಮ ಒಪ್ಪಿಕೊಂಡರು.

ಅದೇ ದಿನ ಮಧ್ಯಾಹ್ನದ ಊಟಕ್ಕೆ ಇಥಿಯೋಪಿಯಾದವರ ಹೋಟೆಲ್. ಇದರ ಗುಟ್ಟು ಶುಕ್ರವಾರ. ಇಥಿಯೋಪಿಯಾದ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಆ ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಹಾಗಾಗಿ ಅವರ ಅಡುಗೆಯಲ್ಲಿ ಬೇಳೆ, ಸೊಪ್ಪು, ಕೋಸಿನದ್ದು ದೊಡ್ಡ ಸಂಪತ್ತೇ ಇದೆ. 'ಬೆಯಾಯ್ನೆಟು' ಅಂತ ಕೇಳಿದರೆ ದೊಡ್ಡ ತಟ್ಟೆಯ ಅಗಲಕ್ಕೂ ಇಂಜೆರಾ, ಅಂದರೆ ದೋಸೆಯಂಥ ಹುಳಿ ರೊಟ್ಟಿ, ಹಾಸಿ, ಅದರ ಮೇಲೆ ಖಾರದ ಮಸೂರ್ ಬೇಳೆ, ಕಡಲೆ ಹಿಟ್ಟಿನ ಶಿರೋ, ಸೊಪ್ಪಿನ ಪಲ್ಯ ಎಲ್ಲ ಗುಡ್ಡೆ ಗುಡ್ಡೆಯಾಗಿ ಬಡಿಸಿ ಕೊಡುತ್ತಾರೆ. ಬೆಲೆ ಇಪ್ಪತ್ತರ ಮೇಲೆ ಒಂದೆರಡು, ಎರಡು ತಟ್ಟೆ ಮೂವರಿಗೆ ಸಾಕಾಗಿ ಮಿಕ್ಕಿತು. ಕೈಯಲ್ಲೇ ತಿನ್ನುವುದು. ಮೆಲ್ಬರ್ನಿನ ಹೋಟೆಲಿನಲ್ಲಿ ಅಮ್ಮ ಚಮಚ ಮುಟ್ಟದೆ ಧೈರ್ಯವಾಗಿ ಕೈ ಹಾಕಿ ಉಂಡದ್ದು ಅದೇ ಮೊದಲು. ಯಾವ ಹೋಟೆಲ್ ಅಂತ ಮಾತ್ರ ಕೇಳಬೇಡಿ. ಆರೇ ಮೇಜು ಇರುವುದು, ನಮಗೇ ಜಾಗ ಸಿಗದಂತಾದರೆ ಕಷ್ಟ. ನಿಕೋಲ್ಸನ್ ಬೀದಿಯ ಸುತ್ತ ಹುಡುಕಿ, ಸಿಗುತ್ತದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಇಂಜೆರಾ ತಿಂದ ಮೇಲೆ ಅಮ್ಮನಿಗೆ ಅದನ್ನು ಮಾಡಲೇಬೇಕು ಅಂತ ಹಟ ಬಂತು. ಅಲ್ಲೇ ಪಕ್ಕದ ಅಂಗಡಿಯಲ್ಲಿ ಇಂಜೆರಾ ಮಾಡುವ ಟೆಫ್ ಧಾನ್ಯದ ಹಿಟ್ಟು ಒಂದು ಕಿಲೋ ತಂದೆವು, ಹನ್ನೆರಡು ಡಾಲರ್ ಇರಬೇಕು. ನೋಡಲು ರಾಗಿ ಹಿಟ್ಟಿನ ತಮ್ಮನಂತೆ, ಬಣ್ಣ ಸ್ವಲ್ಪ ತಿಳಿ. ಮೊದಲ ಸಲ ಒಂದು ರಾತ್ರಿ ಬಿಟ್ಟು ಹೊಯ್ದೆವು, ತೂತೇ ಬರಲಿಲ್ಲ, ಅಂಟಂಟು. ಎರಡನೇ ಸಲ ಓವನ್ ಒಳಗೆ ದೀಪ ಹಾಕಿ ಮೂರು ದಿನ ಇಟ್ಟೆವು, ಹುಳಿ ಜಾಸ್ತಿಯಾಯಿತು. ಮೂರನೇ ಸಲ ಎರಡು ದಿನ, ಮುಕ್ಕಾಲು ಟೆಫ್, ಕಾಲು ರಾಗಿ. ನೀರುದೋಸೆಯಂತೆ ತೆಳ್ಳಗೆ ಹೊಯ್ದು, ಮುಚ್ಚಳ ಮುಚ್ಚಿ, ಮಗುಚದೆ ತೆಗೆದೆವು. ಮೇಲೆಲ್ಲ ಸಣ್ಣ ಸಣ್ಣ ಕಣ್ಣು ಬಂತು! ಅದಕ್ಕೆ ಅಮ್ಮ ಕೊನೆಯಲ್ಲಿ ಇನ್ನೊಂದು ಪದಾರ್ಥ ಸೇರಿಸಿದರು, ಅದನ್ನು ಹೇಳುವ ಅಧಿಕಾರ ನನಗಿಲ್ಲ.

ಡಾಂಡೆನಾಂಗ್ ನಮಗೆ ದೂರ, ಊರಿನ ಆ ತುದಿ. ಒಂದೂವರೆ ಗಂಟೆಗೂ ಜಾಸ್ತಿ. ಮೊದಲ ಪ್ರಯತ್ನ ಕೆಟ್ಟಿತು, ಅಂದು ಹಳಿ ಕೆಲಸ ಅಂತ ಅರ್ಧ ದಾರಿಗೆ ರೈಲು ಬದಲು ಬಸ್ಸು. ಅಮ್ಮನ ಮಂಡಿಗೆ ಆ ಹತ್ತಿ ಇಳಿಯುವುದು ಆಗಲಿಲ್ಲ, ಅಲ್ಲಿಂದಲೇ ವಾಪಸ್. ಹಿಂದಿನ ರಾತ್ರಿ ಹಳಿ ಕೆಲಸ ಇದೆಯೋ ನೋಡಿ ಮಲಗುವುದು ಅಂದಿನಿಂದ ಅಭ್ಯಾಸ. ಸೋಮವಾರವೂ ಬೇಡ. ಡಾಂಡೆನಾಂಗ್ ಮಾರುಕಟ್ಟೆ, ಸಿಟಿಯ ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆ ಎರಡೂ ಅಂದು ಮುಚ್ಚಿರುತ್ತವೆ. ವಿಕ್ಟೋರಿಯಾ ಮಾರುಕಟ್ಟೆ ಬುಧವಾರ ಹಗಲೂ ಇಲ್ಲ.

ಎರಡನೇ ಸಲ ಶನಿವಾರ ಹೋದೆವು. ಗೆಳೆಯರು ಡಾಂಡೆನಾಂಗ್ ಅಂದರೆ ಫಾಸ್ಟರ್ ಬೀದಿಯ ಲಿಟಲ್ ಇಂಡಿಯಾ ಅಂತಾರೆ. ಇಷ್ಟು ದೂರ ಬಂದು ಅಪ್ಪ ಅಮ್ಮನಿಗೆ ಸೀರೆ ಅಂಗಡಿ, ಸಮೋಸ ತೋರಿಸುವುದು ಯಾಕೆ? ನಾನು ಥಾಮಸ್ ಬೀದಿಯ ಆಫ್ಘನ್ ಬಜಾರಿಗೆ ಕರೆದುಕೊಂಡು ಹೋದೆ. ಅಲ್ಲಿ ಬಿಸಿ ಬೊಲಾನಿ, ಆಲೂಗಡ್ಡೆ ತುಂಬಿದ ತೆಳು ರೊಟ್ಟಿ. ಒಣದ್ರಾಕ್ಷಿ ಮಾರುವ ಅಜ್ಜ ಅಪ್ಪನ ಜೊತೆ ಹರಕು ಹಿಂದಿಯಲ್ಲಿ ಅರ್ಧ ಗಂಟೆ ಮಾತಾಡಿದರು. ಅಪ್ಪನ ಹಿಂದಿಯೂ ಹರಕೇ. ಇಬ್ಬರೂ ತಮ್ಮ ತಮ್ಮ ಊರಿನ ಹೊಳೆ ವಿಷಯ ಹೇಳಿಕೊಂಡರು.

ಮೆಲ್ಬರ್ನಿನ ಉತ್ತರ ಭಾಗದ ಸಿಡ್ನಿ ರಸ್ತೆಗೆ ಎಲ್ಲರೂ 19ನೇ ನಂಬರ್ ಟ್ರಾಮ್ ಹೇಳುತ್ತಾರೆ. ನಾವು ಹೋದಾಗ ಬಂದದ್ದು ಎತ್ತರ ಮೆಟ್ಟಿಲಿನ ಹಳೇ ಟ್ರಾಮ್, ಅಮ್ಮನಿಗೆ ಹತ್ತಲು ಆಗಲಿಲ್ಲ. ಅಪ್‌ಫೀಲ್ಡ್ ರೈಲು ಅದೇ ರಸ್ತೆಯ ಪಕ್ಕದಲ್ಲೇ ಹೋಗುತ್ತದೆ, ಕೋಬರ್ಗ್ ನಿಲ್ದಾಣದಲ್ಲಿ ಲಿಫ್ಟ್ ಇದೆ. ಅಲ್ಲಿ ಇಳಿದು ಬ್ರನ್ಸ್‌ವಿಕ್ ಕಡೆಗೆ ನಿಧಾನ ಬನ್ನಿ. ಲೆಬನಾನಿನವರ ಬೇಕರಿಯಲ್ಲಿ ಝಾತರ್ ಎಂಬ ಎಳ್ಳು, ಒಣ ಎಲೆಯ ಪುಡಿ ಹಚ್ಚಿದ ರೊಟ್ಟಿ ನಾಲ್ಕೈದು ಡಾಲರಿಗೆ ಸಿಗುತ್ತದೆ. ಮಂಡಿ ನೋವಿನವರಿಗೆ 96, 109 ಒಳ್ಳೆಯ ಟ್ರಾಮ್‌ಗಳು, ನೆಲಮಟ್ಟ. 109 ಹಿಡಿದು ಕೊನೆಯ ಸ್ಟಾಪ್ ಬಾಕ್ಸ್ ಹಿಲ್ ತನಕ ಹೋದರೆ ಚೀನೀಯರ ಪೇಟೆ.

ಶೌಚಾಲಯದ ವಿಷಯ ಯಾರೂ ಬರೆಯಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಅದೇ ಮೊದಲ ಪ್ರಶ್ನೆ. ಸರ್ಕಾರದ್ದೇ ಶೌಚಾಲಯ ನಕ್ಷೆ ಇದೆ, ಫೋನಿನಲ್ಲಿ ಸಿಗುತ್ತದೆ. ನಾನು ಪ್ರತಿ ಮಾರ್ಗಕ್ಕೂ ಮೂರು ಜಾಗ ಮೊದಲೇ ಗುರುತು ಹಾಕಿಕೊಳ್ಳುತ್ತಿದ್ದೆ. ಗ್ರಂಥಾಲಯಗಳು ಎಲ್ಲಕ್ಕಿಂತ ಒಳ್ಳೆಯವು, ಕೂರಲು ಕುರ್ಚಿಯೂ ಸಿಗುತ್ತದೆ. ಸ್ವಾನ್‌ಸ್ಟನ್ ಬೀದಿಯ ಸ್ಟೇಟ್ ಲೈಬ್ರರಿಗೆ ಇದೇ ಕಾರಣಕ್ಕೆ ನುಗ್ಗಿದ್ದು. 1913ರ ಆ ಗುಮ್ಮಟದ ಕೆಳಗೆ ಅಪ್ಪ ಒಂದೂವರೆ ಗಂಟೆ ಕೂತುಬಿಟ್ಟರು.

ಮಳೆ ಬಂದ ದಿನ ಫ್ಲಿಂಡರ್ಸ್ ಬೀದಿಯ ವಲಸೆ ಮ್ಯೂಸಿಯಂ, ಹಳೇ ಕಸ್ಟಮ್ಸ್ ಕಟ್ಟಡದಲ್ಲಿದೆ. ಆಸ್ಟ್ರೇಲಿಯಾದ 1901ರ ವಲಸೆ ಕಾನೂನಿನಲ್ಲಿ ಬೇಡದವರನ್ನು, ಹೆಚ್ಚಾಗಿ ಬಿಳಿಯರಲ್ಲದವರನ್ನು, ತಡೆಯಲು 50 ಪದಗಳ ಉಕ್ತಲೇಖನ ಕೊಡುತ್ತಿದ್ದರು, ಯುರೋಪಿನ ಯಾವ ಭಾಷೆಯಲ್ಲಿ ಬೇಕಾದರೂ. ಆ ಪರೀಕ್ಷೆ 1958ರ ತನಕ ಇತ್ತು. ಅಪ್ಪ ಹುಟ್ಟಿದ್ದು 1957. "ನನ್ನ ಅಪ್ಪ ಬಂದಿದ್ದರೆ ವಾಪಸ್ ಕಳಿಸ್ತಿದ್ದರು" ಅಂದರು. ಆಮೇಲೆ ರೈಲಿನಲ್ಲಿ ಪಕ್ಕ ಕೂತ ಎಲ್ಲರ ಮುಖವನ್ನೂ ಬೇರೆ ಥರ ನೋಡುತ್ತಿದ್ದರು.

ಅದೇ ಗುಂಗಿನಲ್ಲಿ ಹಳೇ ಚಿನ್ನದ ಗಣಿಯ ಊರು ಬೆಂಡಿಗೋಗೆ ಹೋದೆವು. 2023ರ ಮಾರ್ಚ್ ಕೊನೆಯಿಂದ ವಿಕ್ಟೋರಿಯಾ ರಾಜ್ಯದ ದೂರದ ಊರುಗಳಿಗೂ ದಿನದ ದರ ಮೆಲ್ಬರ್ನಿನಷ್ಟೇ. ಎರಡು ಗಂಟೆ ರೈಲು, ನಾವು ಹೋದಾಗ ಅದೇ 11 ಡಾಲರ್. ಇದನ್ನು ಬಳಸದೆ ಬಿಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಚಿನ್ನದ ಕಾಲದಲ್ಲಿ, 1855ರಲ್ಲಿ, ಬಂದರಿಗೆ ಬಂದ ಪ್ರತಿ ಚೀನೀಯನ ಮೇಲೆ ವಿಕ್ಟೋರಿಯಾ 10 ಪೌಂಡ್ ತಲೆಗಂದಾಯ ಹಾಕಿತು. ಅದನ್ನು ತಪ್ಪಿಸಲು ಸಾವಿರಾರು ಜನ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು 400 ಕಿಲೋಮೀಟರ್ ಮೇಲೆ ನಡೆದು ಬಂದರು. ಆ ಜನರ ಮಕ್ಕಳು ಮೊಮ್ಮಕ್ಕಳ ಡ್ರ್ಯಾಗನ್‌ಗಳು ಅಲ್ಲಿನ ಗೋಲ್ಡನ್ ಡ್ರ್ಯಾಗನ್ ಮ್ಯೂಸಿಯಂನಲ್ಲಿವೆ. ಈಸ್ಟರ್ ಮೆರವಣಿಗೆಯಲ್ಲಿ ಆಸ್ಪತ್ರೆಗೆ ದುಡ್ಡು ಕೂಡಿಸಲು ಕುಣಿಸುತ್ತಿದ್ದರಂತೆ. ಅಮ್ಮನಿಗೆ ಅಷ್ಟಮಿಯ ಹುಲಿವೇಷ ನೆನಪಾಯಿತು.

ಎಂಸಿಜಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನ, ಒಂದಕ್ಕೆ ಮಾತ್ರ ಮನಸ್ಸು ಬಿಚ್ಚಿ ದುಡ್ಡು ಕೊಟ್ಟೆ, ಮೂವತ್ತು ಡಾಲರಿನ ಮೇಲೆ ಒಂದು ಟಿಕೆಟ್, ಅಪ್ಪನಿಗಷ್ಟೇ. 1977ರ ಡಿಸೆಂಬರ್ ಕೊನೆ, 1978ರ ಜನವರಿ ಮೊದಲು. ಇಲ್ಲೇ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸಿನಲ್ಲಿ 52 ರನ್ನಿಗೆ ಆರಾರು ವಿಕೆಟ್ ತೆಗೆದು, ಭಾರತ ಆಸ್ಟ್ರೇಲಿಯಾ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದದ್ದು. ಅಪ್ಪ ಅದನ್ನು ಕಾಲೇಜು ಹಾಸ್ಟೆಲಿನ ರೇಡಿಯೋದಲ್ಲಿ ಕೇಳಿದ್ದರು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು, ಗಾಳಿ ಅಂದರು.

ಕಾರು ಬೇಕೇ ಬೇಕಾದ ಜಾಗ ಒಂದೇ, ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನ. ಬಸ್ಸಿನಲ್ಲಿ ಒಂದು ಸಲ ನಾನೊಬ್ಬನೇ ಹೋಗಿ ನೋಡಿದೆ, ಇಳಿದ ಮೇಲೆ ಬಿಸಿಲಿನಲ್ಲಿ ನಡಿಗೆ ಜಾಸ್ತಿ. ಅಲ್ಲಿಗೆ ಗೆಳೆಯರೇ ಅವರನ್ನು ಕರೆದುಕೊಂಡು ಹೋದರು.

ಮಾರ್ಚ್‌ನಲ್ಲಿ ಅತ್ತೆ ಬರುತ್ತಾರೆ. ಅವರಿಗೆ ನಡೆಯಲು ಇನ್ನೂ ಕಷ್ಟ, ಕೂತು ನೋಡುವುದೇ ಇಷ್ಟ. 901ನೇ ನಂಬರ್ ಬಸ್ಸು ಫ್ರಾಂಕ್‌ಸ್ಟನ್‌ನಿಂದ ಡಾಂಡೆನಾಂಗ್ ಮುಟ್ಟಿ, ಊರನ್ನು ಸುತ್ತು ಹಾಕಿ ಏರ್‌ಪೋರ್ಟ್ ತನಕ ಹೋಗುತ್ತದೆ, ನೂರು ಕಿಲೋಮೀಟರ್ ಮೀರಿದ ದಾರಿ. ಅದನ್ನು ಎಲ್ಲೆಲ್ಲಿ ತುಂಡು ಮಾಡಿ ಇಳಿಯಬಹುದು ಅಂತ ಫೆಬ್ರವರಿಯಲ್ಲಿ ಎರಡು ಶನಿವಾರ ನಾನೊಬ್ಬನೇ ಕೂತು ನೋಡುತ್ತೇನೆ.